ಲಾಟರಿ ಮಂಡಳಿಯ ಕೃಪೆಯಿಂದ ಲೋಕನಾಥರ ಗೃಹಪ್ರವೇಶ

ಲಾಟರಿಯಲ್ಲಿ ಗೆದ್ದವರು ಬಹುಮಾನ ಕೇಳಲು ಬಾರದಿದ್ದರೆ ಮಾತ್ರ ಮನೆಯಿಲ್ಲದ ಮಾಜಿ ಸೈನಿಕರಿಗೆ ಮನೆ ಕೊಡಬಹುದು ಎಂಬುದು ಉಭಯತೀರ ಲಾಟರಿ ಮಂಡಳಿಯ ಸ್ಥಾಪಿತ ನೀತಿಯಾಗಿದೆ. ಹಡ್ಸನ್ ನದಿಯ ಆ ದಡ ನ್ಯೂಯಾರ್ಕ್, ಈ ದಡ ನ್ಯೂಜರ್ಸಿ. ಮಂಡಳಿ ಎರಡೂ ದಡಗಳಲ್ಲಿ ಟಿಕೆಟ್ ಮಾರುತ್ತದೆ, ದೂರು ಬಂದರೆ ಆಚೆ ದಡಕ್ಕೆ ಕಳಿಸುತ್ತದೆ. ಅದರ ಕಚೇರಿ ಜರ್ಸಿ ಸಿಟಿಯ ಗಾಜಿನ ಕಟ್ಟಡವೊಂದರಲ್ಲಿದ್ದು, ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತದೆ.

ನಾನು ನ್ಯೂಜರ್ಸಿಯ ಪಾರ್ಸಿಪನಿ ಊರಿನ ರೂಟ್ ಫಾರ್ಟಿಸಿಕ್ಸ್ ಕನ್ನಡ ಬಳಗದ ಪ್ರಚಾರ ಕಾರ್ಯದರ್ಶಿ. ಮಂಡಳಿಯ ಯೋಜನೆಯಲ್ಲಿ ನಮ್ಮ ಬಳಗ ವಹಿಸಿದ ಪಾತ್ರದ ಬಗ್ಗೆ ಹೊರಗೆ ಕೆಲವರು ಹಗುರವಾಗಿ ಮಾತಾಡುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕೆಂದು ಕಾರ್ಯಕಾರಿ ಸಮಿತಿ ನನಗೆ ಸೂಚಿಸಿದೆ. ನಾನು ಯಾರ ಪರವೂ ಅಲ್ಲ, ಸಮಿತಿಯ ಪರ.

ಮಂಡಳಿ ಹೊರಡಿಸಿದ ಟಿಕೆಟ್ಟಿನ ಹೆಸರು 'ಸಲ್ಯೂಟ್'. ನಾಣ್ಯದಿಂದ ಬೂದು ಬಣ್ಣವನ್ನು ಕೆರೆದರೆ ಒಳಗೆ ಚಿತ್ರಗಳು ಕಾಣುತ್ತವೆ. ಒಂದೇ ಥರದ ಮೂರು ಬೂಟು ಬಂದರೆ ಬಹುಮಾನ. ಟಿಕೆಟ್ಟಿನ ಮೇಲೆ ಸಲ್ಯೂಟ್ ಹೊಡೆಯುತ್ತಿರುವ ಸೈನಿಕನ ಚಿತ್ರ, ಕೆಳಗೆ 'ಪ್ರತಿ ಡಾಲರೂ ಯೋಧನಿಗಾಗಿ' ಎಂಬ ಬರಹ. ಬಂದ ಹಣದಲ್ಲಿ ಮೊದಲು ಗೆದ್ದವರ ಬಹುಮಾನ, ಆಮೇಲೆ ಅಂಗಡಿಯವರ ಕಮಿಷನ್, ಆಮೇಲೆ ಮಂಡಳಿಯವರ ಸಂಬಳ, ಆಮೇಲೆ 'ಪ್ರತಿ ಡಾಲರೂ ಯೋಧನಿಗಾಗಿ' ಎಂಬ ಜಾಹೀರಾತಿನ ಖರ್ಚು ಕಳೆಯಬೇಕು. ಇಷ್ಟಾದ ಮೇಲೆ ಏನೂ ಉಳಿಯದ ಕಾರಣ, ಗೆದ್ದವರು ಬಂದು ಕೇಳದೆ ಬಿಟ್ಟ ಬಹುಮಾನವನ್ನು ಯೋಧರ ವಸತಿ ನಿಧಿಗೆ ಹಾಕುವುದೆಂದು ಮಂಡಳಿ ಉದಾರವಾಗಿ ತೀರ್ಮಾನಿಸಿತು.

ಮೊದಲ ವರ್ಷ ನಿಧಿಗೆ ಒಂದು ಕಾಸೂ ಬರಲಿಲ್ಲ. ಈ ದೇಶದವರು ಕೂಪನ್ ಕತ್ತರಿಸಿಟ್ಟುಕೊಂಡು ಸೋಪು ಕೊಳ್ಳುವ ಜನ. ಗೆದ್ದ ಹಣ ಬಿಡುವವರಲ್ಲ.

ಇದರಿಂದ ತೊಂದರೆಗೊಳಗಾದವರು ಲೋಕನಾಥ ಎಂಬವರು. ಉಡುಪಿ ಕಡೆಯವರು. ಓದಲೆಂದು ಇಲ್ಲಿಗೆ ಬಂದು, ಇಲ್ಲಿನ ಸೈನ್ಯ ಸೇರಿ, ಮರಳುಗಾಡಿನಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದು, ಸೊಂಟಕ್ಕೆ ಏಟು ಮಾಡಿಕೊಂಡು ವಾಪಸ್ ಬಂದರು. ಬಂದ ಮೇಲೆ ಮದುವೆ ಮುರಿಯಿತು, ಬಾಡಿಗೆ ಏರಿತು, ಕೆಲಸ ಹೋಯಿತು. ಈಗ ಪಾರ್ಸಿಪನಿಯ ಖಾಲಿ ಆಫೀಸ್ ಪಾರ್ಕೊಂದರ ಹಿಂದೆ ತಮ್ಮ ಹಳೆಯ ಕಾರಿನಲ್ಲೇ ಮಲಗುತ್ತಿದ್ದರು. ಬೆಳಗಾದರೆ ಸೆಕ್ಯೂರಿಟಿಯವನು ಬಂದು ಗಾಜು ತಟ್ಟುತ್ತಾನೆ, ಇವರು ಕಾರು ತೆಗೆದು ಇನ್ನೊಂದು ಆಫೀಸಿನ ಹಿಂದೆ ನಿಲ್ಲಿಸುತ್ತಾರೆ. ಕಾರಿನ ಹೀಟರ್ ಕೆಟ್ಟಿತ್ತು. ಹಿಮ ಬೀಳುವ ಮುಂಚೆ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಸಿಕ್ಕರೆ ಸಾಕು ಎಂಬುದಷ್ಟೇ ಅವರ ಆಸೆ. ಅದಕ್ಕಾಗಿ ನಿಧಿಗೆ ಅರ್ಜಿ ಹಾಕಿದ್ದರು.

ಮಂಡಳಿ ಫೋನ್ ಮಾಡಿ ಬಹಳ ಮರ್ಯಾದೆಯಿಂದ ಉತ್ತರ ಹೇಳಿತು: ನಿಮ್ಮ ಸೇವೆಗೆ ಕೃತಜ್ಞತೆಗಳು, ನಿಮ್ಮ ಅರ್ಜಿ ಅಂಗೀಕಾರವಾಗಿದೆ, ಯಾರಾದರೂ ಗೆದ್ದು ಮರೆತ ಕೂಡಲೇ ನಿಮಗೆ ಕೋಣೆ ಕೊಡಲಾಗುವುದು.

ಎರಡನೆಯ ವರ್ಷ ಮಂಡಳಿ 'ಮರೆಯಿರಿ, ಯೋಧರನ್ನು ನೆನೆಯಿರಿ' ಎಂಬ ಆಂದೋಲನ ಕೈಗೊಂಡಿತು. ರೈಲು ನಿಲ್ದಾಣಗಳಲ್ಲಿ ಜೇಬು ತೂತಾದ ಜಾಕೆಟ್‌ಗಳನ್ನು ಉಚಿತವಾಗಿ ಹಂಚಲಾಯಿತು. ಜನ ಜಾಕೆಟ್ ತೆಗೆದುಕೊಂಡರು, ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡರು. ಲೋಕನಾಥರಿಗೂ ಒಂದು ಜಾಕೆಟ್ ಸಿಕ್ಕಿತು. ನಿಧಿಯಿಂದ ಅವರಿಗೆ ಆವರೆಗೆ ತಲುಪಿದ ನೆರವು ಅದೊಂದೇ.

ಇನ್ನು ಸುಗಂಧಿ ಆಂಟಿಯ ವಿಷಯ. ರೂಟ್ ಫಾರ್ಟಿಸಿಕ್ಸ್ ಹೆದ್ದಾರಿಯ ಪಕ್ಕದಲ್ಲಿ ಅವರದೊಂದು ದಿನಸಿ ಅಂಗಡಿಯಿದೆ. ಕುಚ್ಚಲಕ್ಕಿ, ಉಪ್ಪಿನಕಾಯಿ, ಫ್ರೋಜನ್ ಪತ್ರೊಡೆಯ ಜೊತೆಗೆ ಲಾಟರಿ ಟಿಕೆಟ್ಟನ್ನೂ ಮಾರುತ್ತಾರೆ. ಕ್ಯಾಶ್ ಕೌಂಟರಿನ ಹಿಂದೆ ಲಕ್ಷ್ಮಿಯ ಪಟ, ಅದರ ಮುಂದೆ ಬ್ಯಾಟರಿ ದೀಪ. ಹೊಸದಾಗಿ ಬಂದ ಯಾವ ವಸ್ತುವೂ ಆ ಪಟದ ಮುಂದೆ ಹಾಯದೆ ಗಿರಾಕಿಯ ಕೈಗೆ ಹೋಗುವಂತಿಲ್ಲ. ಆ ಎರಡನೆಯ ವರ್ಷ ಅವರ ಅಂಗಡಿಗೂ 'ಸಲ್ಯೂಟ್' ಟಿಕೆಟ್ಟುಗಳು ಬಂದಾಗ ಆಂಟಿ, ನಾವೆಲ್ಲ ಲಗ್ನಪತ್ರಿಕೆಗೆ ಮಾಡುವ ಹಾಗೆಯೇ, ಒದ್ದೆ ಅರಿಶಿನ ಕಲಸಿ ಪ್ರತಿಯೊಂದರ ನಾಲ್ಕೂ ಮೂಲೆಗೆ ಹಚ್ಚಿ, ನಡುವೆ ಒಂದು ಬೊಟ್ಟು ಕುಂಕುಮ ಇಟ್ಟು ಒಣಗಿಸಿದರು.

ಆ ನಾಲ್ಕು ಮೂಲೆಗಳಲ್ಲಿ ಒಂದರಲ್ಲಿ, ಗೆದ್ದದ್ದು ಹೌದೇ ಅಲ್ಲವೇ ಎಂದು ಯಂತ್ರ ಓದಿ ಹೇಳುವ ಪಟ್ಟೆ ಗುರುತು ಇತ್ತು. ಅರಿಶಿನದ ಕೆಳಗೆ ಯಂತ್ರಕ್ಕೆ ಅದು ಕಾಣಿಸಲಿಲ್ಲ. ಮಂಡಳಿಯ ನಿಯಮ ಸ್ಪಷ್ಟವಾಗಿತ್ತು: ಯಂತ್ರಕ್ಕೆ ಓದಲಾಗದ್ದಕ್ಕೆ ಹಣವಿಲ್ಲ.

ಗೆದ್ದವರು ಬಂದರು. ಯಂತ್ರ ಕೆಂಪು ದೀಪ ತೋರಿಸಿತು. ಯಂತ್ರ ಹಾಳಾಗಿದೆಯೆಂದು ಆಂಟಿ ಮುಂದಿನ ಶುಕ್ರವಾರ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಊದಿನಕಡ್ಡಿ ತೋರಿಸಿದರು. ಆಮೇಲೆ ಕೆಂಪು ದೀಪವೂ ಬರಲಿಲ್ಲ. ಬೇರೆ ಅಂಗಡಿಗೆ ಹೋಗಿ ನೋಡಿದವರಿಗೂ ಅದೇ ಫಲ. ನಮ್ಮ ಜನ ಇಂಥದ್ದಕ್ಕೆ ಜಗಳ ಆಡುವವರಲ್ಲ. ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ತೆಂಗಿನಕಾಯಿ ತೆಗೆದುಕೊಂಡು ಮನೆಗೆ ಹೋದರು.

ಹೀಗೆ ಯೋಧರ ವಸತಿ ನಿಧಿಗೆ ಹಣ ಹರಿಯತೊಡಗಿತು.

ಜರ್ಸಿ ಸಿಟಿಯ ಕಚೇರಿಯಲ್ಲಿ ಇದನ್ನು ಮೊದಲು ಗಮನಿಸಿದವರು ಗುರುರಾಜ. ಧಾರವಾಡದವರು, ಮಂಡಳಿಯ ತಾಂತ್ರಿಕ ವಿಭಾಗದ ಮುಖ್ಯಸ್ಥರು. ಕೇಳದೆ ಬಿಟ್ಟ ಬಹುಮಾನವೆಲ್ಲ ಪಾರ್ಸಿಪನಿಯ ಒಂದೇ ಅಂಗಡಿಯಿಂದ ಬರುತ್ತಿದೆ ಎಂದು ಅವರು ವರದಿ ಮಾಡಿದಾಗ ಮಂಡಳಿಯ ನಿರ್ದೇಶಕಿ ಮಿಸೆಸ್ ವಿಟ್ಲಾಕ್ ಖುದ್ದಾಗಿ ಅವರ ಜೊತೆ ಅಂಗಡಿಗೆ ಬಂದರು. ಗುರುರಾಜರಿಗೆ ಟಿಕೆಟ್ಟು ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಅವರ ಲಗ್ನಪತ್ರಿಕೆಗೂ ಹೀಗೆಯೇ ಅರಿಶಿನ ಹಚ್ಚಿದ್ದರಲ್ಲವೇ?

ನಿರ್ದೇಶಕಿ ಕೇಳಿದರು, "ಗುರು, ಇದು ಟೆಕ್ನಿಕಲ್ ಪ್ರಾಬ್ಲಮ್ಮಾ?"

ಗುರುರಾಜ ತುಸು ಯೋಚಿಸಿದರು. ತಾಂತ್ರಿಕ ದೋಷವೆಂದರೆ ಅದು ಅವರ ವಿಭಾಗಕ್ಕೆ ಬರುತ್ತದೆ. ಸಂಸ್ಕೃತಿಯೆಂದರೆ ಯಾವ ವಿಭಾಗಕ್ಕೂ ಬರುವುದಿಲ್ಲ. "ನೋ ಮೇಡಂ, ಇಟ್ ಈಸ್ ಕಲ್ಚರಲ್" ಎಂದರು.

ನಿರ್ದೇಶಕಿ ಆಂಟಿಯ ಕಡೆ ತಿರುಗಿ, ಇದನ್ನು ಏಕೆ ಹಚ್ಚುತ್ತೀರಿ ಎಂದು ವಿಚಾರಿಸಿದರು.

"ಒಳ್ಳೇದಾಗ್ಲಿ ಅಂತ" ಎಂದರು ಆಂಟಿ.

"ಯಾರಿಗೆ ಅಂತ ಕೇಳಾಕತ್ತಾರ್ರೀ" ಎಂದರು ಗುರುರಾಜ.

"ಯಾರಿಗೆ ಅಂತ ಉಂಟಾ? ಎಲ್ರಿಗೂ."

ಇದನ್ನು ಗುರುರಾಜ ಇಂಗ್ಲಿಷಿಗೆ ತಂದಾಗ ನಿರ್ದೇಶಕಿಯವರ ಕಣ್ಣು ತುಂಬಿತು. ತಮಗೆ ಬರಬೇಕಾದ ಹಣವನ್ನು ಯೋಧರಿಗಾಗಿ ಮೌನವಾಗಿ ಬಿಟ್ಟುಕೊಡುವ ಇಂಥ ಸಮುದಾಯವನ್ನು ತಾವು ಎಲ್ಲೂ ಕಂಡಿಲ್ಲವೆಂದು ಅವರು ಹೇಳಿದರು. ಅಂಗಡಿಯಲ್ಲಿದ್ದ ಗಿರಾಕಿಗಳಿಗೆ ತಾವು ಏನು ಬಿಟ್ಟುಕೊಟ್ಟೆವೆಂಬುದು ತಿಳಿಯಲಿಲ್ಲ. ಆದರೆ ಹೊಗಳಿಕೆ ಬಂದಾಗ ಬೇಡವೆನ್ನುವುದು ನಮ್ಮಲ್ಲಿ ವಾಡಿಕೆಯಲ್ಲ.

ಮರುವಾರವೇ ಸುತ್ತೋಲೆ ಬಂತು. ಈ ದಡದ ಜರ್ಸಿ ಸಿಟಿಯಿಂದ ಆ ದಡದ ಜೆರಿಕೋವರೆಗೆ ಮಾರಾಟವಾಗುವ ಎಲ್ಲ 'ಸಲ್ಯೂಟ್' ಟಿಕೆಟ್ಟುಗಳಿಗೂ ಅರಿಶಿನ ಕಡ್ಡಾಯ. ಹಚ್ಚುವ ಕೆಲಸವನ್ನು ಅನುಭವವುಳ್ಳ ಸಂಸ್ಥೆಗೆ ವಹಿಸಬೇಕೆಂದು ಮಂಡಳಿ ಟೆಂಡರ್ ಕರೆದಾಗ, ಅರಿಶಿನ ಹಚ್ಚುವುದರಲ್ಲಿ ಅನುಭವವುಳ್ಳ ನೋಂದಾಯಿತ ಸಂಸ್ಥೆ ನಮ್ಮ ಬಳಗ ಒಂದೇ ಆಗಿತ್ತು.

ಬಳಗದ ಅಧ್ಯಕ್ಷೆ ಶ್ರೀಮತಿ ನಿರುಪಮಾ ಮೈಸೂರಿನವರು. ಅವರು ಇದನ್ನು ನಿಸ್ವಾರ್ಥ ಸೇವೆಯೆಂದು ಸ್ವೀಕರಿಸಿ, ಸೇವೆಯ ದರವನ್ನು ಮಂಡಳಿಗೆ ತಿಳಿಸಿದರು. ಪ್ರತಿ ಶನಿವಾರ ಬಾಡಿಗೆಯ ಸಭಾಂಗಣದಲ್ಲಿ ಸ್ವಯಂಸೇವಕರು ಸಾಲಾಗಿ ಕೂತು ಟಿಕೆಟ್ಟುಗಳಿಗೆ ಅರಿಶಿನ ಹಚ್ಚುತ್ತಿದ್ದರು. ಕೈಗೆ ಗ್ಲೌಸ್ ಕಡ್ಡಾಯವೆಂದು ಮಂಡಳಿ, ಉಂಗುರದ ಬೆರಳಿನಿಂದಲೇ ಹಚ್ಚಬೇಕೆಂದು ನಿರುಪಮಾ. ಕೊನೆಗೆ ಉಂಗುರದ ಬೆರಳಷ್ಟೇ ಹೊರಗಿರುವ ಗ್ಲೌಸನ್ನು ವಿಶೇಷವಾಗಿ ತರಿಸಲಾಯಿತು. ಸಾಂಗ್ಲಿ ಅರಿಶಿನವೇ ಸೇಲಂ ಅರಿಶಿನವೇ ಎಂಬ ಚರ್ಚೆಯಲ್ಲಿ ಬಳಗ ಎರಡಾಗುವುದರಲ್ಲಿತ್ತು. ಎರಡನ್ನೂ ತರಿಸಿ, ಎರಡರ ಖರ್ಚನ್ನೂ ವಸತಿ ನಿಧಿಗೆ ಹಾಕಿ ಒಗ್ಗಟ್ಟನ್ನು ಕಾಪಾಡಲಾಯಿತು.

ಅರಿಶಿನ, ಗ್ಲೌಸು, ಸಭಾಂಗಣದ ಬಾಡಿಗೆ, ಸ್ವಯಂಸೇವಕರ ಬಿಸಿಬೇಳೆಬಾತು, ಇವೆಲ್ಲ ನಿಧಿಯ ಮೊದಲ ಹೊಣೆಯೆಂದು ಮಂಡಳಿ ಘೋಷಿಸಿತು. ಹಾಗಾಗಿ ಹಣ ಹರಿದು ಬರುತ್ತಿದ್ದರೂ ಲೋಕನಾಥರವರೆಗೆ ಮುಟ್ಟುತ್ತಿರಲಿಲ್ಲ. ಆದರೆ ಬಳಗ ಅವರನ್ನು ಮರೆಯಿತೆಂದು ಹೇಳುವುದು ಶುದ್ಧ ಸುಳ್ಳು. ಪ್ರತಿ ಶನಿವಾರವೂ ಅವರೇ ಮುಖ್ಯ ಅತಿಥಿ. ದೀಪ ಬೆಳಗಿಸುತ್ತಿದ್ದರು, ಸಭಾಂಗಣದ ಹೀಟರ್ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು, ಊಟ ಮಾಡಿ ಕಾರಿಗೆ ಹೋಗುತ್ತಿದ್ದರು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಕಾರಿನ ಗಾಜಿನ ಮೇಲೆ ಬೆಳಿಗ್ಗೆ ಇಬ್ಬನಿ ಗಟ್ಟಿಯಾಗಿ ಕೂರತೊಡಗಿತ್ತು.

"ಎಂತ ಲೋಕ, ಕೋಣೆದು ಏನಾಯ್ತು?" ಎಂದು ಸುಗಂಧಿ ಆಂಟಿ ಕೇಳಿದರು. ಅವರು ದಿನವೂ ಕೇಳುತ್ತಿದ್ದರು.

"ಆಗ್ತದಂತೆ ಆಂಟಿ. ಹಣ ಬರ್ತಾ ಉಂಟಂತೆ. ಅರಿಶಿನದ ಖರ್ಚು ಕಳೆದು ಉಳಿದ್ರೆ ಕೊಡ್ತಾರಂತೆ."

"ಚಳಿಗೆ ಎಂತ ಮಾಡ್ತೀಯ ಮಾರಾಯ? ನಮ್ಮಲ್ಲಿ ಬಂದು ಮಲಗು ಅಂದ್ರೆ ಕೇಳೂದಿಲ್ಲ ನೀನು."

"ನಿಮ್ಮ ಮನೆಯಲ್ಲಿ ಮಲಗಿದ್ರೆ ನಾನು ಮನೆಯಿಲ್ಲದವ ಅಲ್ಲ ಅಂತ ಆಗ್ತದಂತೆ. ಆಮೇಲೆ ಅರ್ಜಿ ಕ್ಯಾನ್ಸಲ್."

ಆಂಟಿಗೆ ಸಿಟ್ಟು ಬಂತು. ಆದರೆ ಯಾರ ಮೇಲೆಂದು ಗೊತ್ತಾಗದೆ, ಶುಕ್ರವಾರದ ಪೂಜೆಯಾದ ಮೇಲೆ ಲೋಕನಾಥರಿಗೆಂದೇ ಒಂದು ಟಿಕೆಟ್ ತೆಗೆದಿಟ್ಟರು. ಮಂಡಳಿಯ ಅರಿಶಿನ ಆಗಲೇ ಇತ್ತು. ಅದರ ಮೇಲೆ ತಮ್ಮ ಮನೆಯ ಅರಿಶಿನವನ್ನು ಇನ್ನೊಂದು ಸಲ, ದಪ್ಪಗೆ, ದೇವರ ಹೆಸರು ಹೇಳಿ ಹಚ್ಚಿದರು. ಇದರಲ್ಲಿ ಅವರ ತಪ್ಪೇನೂ ಇಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿದೆ. ನನ್ನ ಅಭಿಪ್ರಾಯವೂ ಅದೇ.

ನವೆಂಬರ್ ತಿಂಗಳಲ್ಲಿ ಇಲ್ಲಿ ಮಾಜಿ ಸೈನಿಕರ ದಿನ, ನಮಗೆ ರಾಜ್ಯೋತ್ಸವ. ಎರಡನ್ನೂ ಒಂದೇ ಸಭಾಂಗಣದಲ್ಲಿ ಮುಗಿಸಿದರೆ ಬಾಡಿಗೆ ಉಳಿಯುತ್ತದೆಂದು ಬಳಗ ಜಂಟಿ ಸಮಾರಂಭ ಏರ್ಪಡಿಸಿತು. ನಾಡಗೀತೆ, ಅಮೆರಿಕದ ರಾಷ್ಟ್ರಗೀತೆ, ಮಕ್ಕಳಿಂದ ಹುಲಿವೇಷ, ನಿರ್ದೇಶಕಿಯವರ ಭಾಷಣ. ಭಾಷಣದ ಮಧ್ಯೆ ಸುಗಂಧಿ ಆಂಟಿ ಸೀದಾ ವೇದಿಕೆ ಹತ್ತಿ ಲೋಕನಾಥರ ಕೈಗೆ ಆ ಟಿಕೆಟ್ ಇಟ್ಟರು.

"ಕೆರಿ ಮಗಾ. ಈಗ್ಲೇ ಕೆರಿ. ಎಲ್ರ ಎದುರಿಗೇ ಒಳ್ಳೇದಾಗ್ಲಿ."

ಲೋಕನಾಥರು ನಾಣ್ಯ ತೆಗೆದು ಕೆರೆದರು. ಒಂದು ಬೂಟು ಬಂತು. ಇನ್ನೊಂದು ಬೂಟು ಬಂತು. ಮೂರನೆಯದನ್ನು ಅವರು ಮೂಲೆಯಿಂದ ಒಂದೊಂದೇ ಗೆರೆಯಾಗಿ ಕೆರೆದದ್ದನ್ನು ಮುಂದಿನ ಸಾಲಿನಲ್ಲಿ ಕೂತ ನಾನೇ ನೋಡಿದೆ. ಮೂರನೆಯದೂ ಬೂಟೇ. ಅದರ ಕೆಳಗೆ ಬರೆದಿದ್ದ ಮೊತ್ತ ಟಿಕೆಟ್ಟಿನ ಅತಿ ದೊಡ್ಡ ಬಹುಮಾನ, ಈ ಕಡೆ ಒಂದು ಸಣ್ಣ ಮನೆ ಕೊಳ್ಳಲು ಸಾಕಾಗುವಷ್ಟು.

ಇಡೀ ಸಭೆ ಎದ್ದು ನಿಂತಿತು. ಹುಲಿವೇಷದ ಮಕ್ಕಳು ಕುಣಿದರು. ಲೋಕನಾಥರು ಕುರ್ಚಿಯಲ್ಲಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸುಗಂಧಿ ಆಂಟಿ ಅವರ ತಲೆ ಸವರುತ್ತ, "ನಾನು ಹೇಳ್ಲಿಲ್ವಾ, ನಾನು ಹೇಳ್ಲಿಲ್ವಾ" ಎಂದು ಅಳುತ್ತಿದ್ದರು. ಅಂಥ ಸಂತೋಷವನ್ನು ನಮ್ಮ ಬಳಗದ ವೇದಿಕೆ ಅದಕ್ಕೆ ಮೊದಲು ಕಂಡಿರಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆನೆಂದು ಇಲ್ಲಿ ದಾಖಲಿಸುತ್ತೇನೆ.

ನಿಯಮದ ಪ್ರಕಾರ ಗುರುರಾಜ ತಾವು ತಂದಿದ್ದ ಯಂತ್ರದ ಮುಂದೆ ಟಿಕೆಟ್ ಹಿಡಿದರು. ಕೆಂಪು ದೀಪ. ತಿರುಗಿಸಿ ಹಿಡಿದರು. ಕೆಂಪು ದೀಪ.

"ಏನ್ ಹೇಳ್ತದ್ರೀ ಅದು?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಏನೂ ಕಾಣವಲ್ದು ಅಂತದ ನೋಡ್ರಿ" ಎಂದರು ಗುರುರಾಜ, ತಲೆ ತಗ್ಗಿಸಿಕೊಂಡೇ.

ಸುಗಂಧಿ ಆಂಟಿಗೆ ಆಗ ಎಲ್ಲ ತಿಳಿಯಿತು. ಟಿಕೆಟ್ಟನ್ನು ಕಿತ್ತುಕೊಂಡು ಸೆರಗಿನಿಂದ ಒರೆಸಿದರು. ಅಡುಗೆಮನೆಗೆ ಓಡಿ ಸೋಪು ಹಚ್ಚಿದರು. ಅರಿಶಿನ ಕೆಂಪಾಯಿತು. ನಿಂಬೆಹಣ್ಣು ಹಿಂಡಿದರು. ಪುನಃ ಹಳದಿಯಾಯಿತು. ಅರಿಶಿನವೆಂಬುದು ಬಟ್ಟೆಗೆ ಬಿದ್ದರೇ ಹೋಗುವುದಿಲ್ಲ, ಮಂಡಳಿಯ ಟಿಕೆಟ್ಟಿಗೆ ಬಿದ್ದರೆ ಹೋಗುತ್ತದೆಯೇ? ಒದ್ದೆ ಟಿಕೆಟ್ಟನ್ನು ಎದೆಗೊತ್ತಿಕೊಂಡು ಸಿಂಕಿನ ಬಳಿ ನಿಂತುಬಿಟ್ಟರು. "ನನ್ನ ಕೈಯಿಂದ್ಲೇ ಅವನ ಮನೆ ಹೋಯ್ತಲ್ಲ" ಎಂದರು. ಆಗ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ.

ಮಂಡಳಿಗೆ ಮಾತ್ರ ತೋಚಿತು. ನಿರ್ದೇಶಕಿಯವರು ಅಲ್ಲೇ ತುರ್ತು ಸಭೆ ಕರೆದರು. ಪ್ರಶ್ನೆ ಇದ್ದದ್ದು ಎರಡು. ಯಂತ್ರ ಓದದ ಕಾರಣ ಲೋಕನಾಥರಿಗೆ ಬಹುಮಾನ ಕೊಡುವಂತಿಲ್ಲ, ಸರಿ. ಹಾಗಾದರೆ ಅವರ ಕೋಣೆಯ ಅರ್ಜಿ? ಗುರುರಾಜ ಸಂಕೋಚದಿಂದಲೇ ನಿಯಮ ಓದಿದರು: ಮನೆ ಕೊಳ್ಳುವಷ್ಟು ಬಹುಮಾನ ಗೆದ್ದವರು ವಸತಿ ನೆರವಿಗೆ ಅರ್ಹರಲ್ಲ. ಮೂರು ಬೂಟು ಬಂದದ್ದನ್ನು ಇಡೀ ಸಭೆ ಕಣ್ಣಾರೆ ನೋಡಿತ್ತು.

"ಅಂದ್ರೆ ನಾನು ಗೆದ್ದಿದ್ದೇನಾ, ಇಲ್ವಾ?" ಎಂದು ಲೋಕನಾಥರು ಕೇಳಿದರು.

"ಮನುಷ್ಯರ ಲೆಕ್ಕದಾಗ ಗೆದ್ದೀರಿ. ಮಷೀನಿನ ಲೆಕ್ಕದಾಗ ಇಲ್ಲ. ರೂಲ್ ಹಂಗದ್ರೀ, ನಾ ಏನ್ ಮಾಡ್ಲಿ?"

ಈ ವಿಷಯದಲ್ಲಿ ಮುಂದೆ ಗೊಂದಲವಾಗಬಾರದೆಂದು ಮಂಡಳಿ ಅಂದೇ ಹೊಸ ನಿಯಮ ಬರೆಯಿತು: ಕಣ್ಣಿಗೆ ಕಂಡದ್ದನ್ನು ಅರ್ಹತೆಗೂ ಯಂತ್ರಕ್ಕೆ ಕಂಡದ್ದನ್ನು ಪಾವತಿಗೂ ಪರಿಗಣಿಸತಕ್ಕದ್ದು. ಇಷ್ಟು ಚೊಕ್ಕವಾದ ನಿಯಮವನ್ನು ನಾನು ಓದಿಲ್ಲ. ಹೀಗಾಗಿ ಲೋಕನಾಥರು ಆ ಸಂಜೆ ಸಭಾಂಗಣದಿಂದ ಹೊರಡುವಾಗ, ಮನೆಯಿಲ್ಲದವರ ಪಟ್ಟಿಯಲ್ಲೂ ಇರಲಿಲ್ಲ, ಗೆದ್ದವರ ಪಟ್ಟಿಯಲ್ಲೂ ಇರಲಿಲ್ಲ.

ನಿರುಪಮಾ ಈ ಅನ್ಯಾಯವನ್ನು ಸಹಿಸಲಿಲ್ಲ. ಎದ್ದು ನಿಂತು, "ನೋಡಿ, ಇಷ್ಟು ದೊಡ್ಡ ಮೊತ್ತ ನಿಧಿಗೆ ಹೋಗ್ತಿದೆ. ಕೊಟ್ಟೋರಿಗೆ ಒಂದು ಸನ್ಮಾನಾನಾದ್ರೂ ಬೇಡ್ವೇ?" ಎಂದು ಖಾರವಾಗಿಯೇ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಲೋಕನಾಥರನ್ನು ನಿಧಿಯ ಮಹಾದಾನಿಯೆಂದು ಘೋಷಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಲಾಯಿತು. ಶಾಲು ಉಣ್ಣೆಯದು. ಆ ರಾತ್ರಿ ಅದು ಉಪಯೋಗಕ್ಕೆ ಬಂತೆಂದು ಲೋಕನಾಥರೇ ನನಗೆ ಹೇಳಿದ್ದಾರೆ.

ದಾನ ಬಹಳ ದೊಡ್ಡದಾಗಿದ್ದರಿಂದ, ಅರಿಶಿನದ ಖರ್ಚು ಕಳೆದೂ ಮೊದಲ ಬಾರಿಗೆ ನಿಧಿಯಲ್ಲಿ ಹಣ ಉಳಿಯಿತು. ರೂಟ್ ಫಾರ್ಟಿಸಿಕ್ಸ್ ಪಕ್ಕದಲ್ಲಿ ಬೀಗ ಹಾಕಿ ಬಿಟ್ಟಿದ್ದ ಹಳೆಯ ಮೋಟೆಲೊಂದನ್ನು ಮಂಡಳಿ ಅಗ್ಗದಲ್ಲಿ ಕೊಂಡು, ಬಣ್ಣ ಬಳಿದು, 'ಲೋಕನಾಥ ಭವನ' ಎಂದು ಹೆಸರಿಟ್ಟಿತು. ಕೆಳಗಿನ ಕೋಣೆಗಳನ್ನು ಮಂಡಳಿಯ ಅರಿಶಿನ ವಿಭಾಗಕ್ಕೆ ತಾತ್ಕಾಲಿಕವಾಗಿ ಬಿಟ್ಟು, ಮೇಲಿನ ಕೋಣೆಗಳನ್ನು ಮಾಜಿ ಸೈನಿಕರಿಗೆ ಮೀಸಲಿಡಲಾಯಿತು. ದಾನಿಯು ತನ್ನ ದಾನದಿಂದ ತಾನೇ ಲಾಭ ಪಡೆಯುವಂತಿಲ್ಲವೆಂಬ ನಿಯಮವಿರುವುದರಿಂದ ಲೋಕನಾಥರಿಗೆ ಕೋಣೆ ಕೊಡುವ ಪ್ರಶ್ನೆ ಬರಲಿಲ್ಲ.

ಡಿಸೆಂಬರ್ ನಡುವೆಯೇ ಕಟ್ಟಡ ಸಿದ್ಧವಾಗಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಬಾಗಿಲು ತೆರೆಯಬಹುದೇ ಎಂದು ಮಂಡಳಿ ಕೇಳಿತು.

"ಛೇ ಛೇ, ಧನುರ್ಮಾಸದಲ್ಲಿ ಯಾರಾದ್ರೂ ಗೃಹಪ್ರವೇಶ ಮಾಡ್ತಾರಾ? ಸಂಕ್ರಾಂತಿ ಕಳೀಲಿ" ಎಂದರು ನಿರುಪಮಾ.

ಮಂಡಳಿ ಧನುರ್ಮಾಸವನ್ನು ತನ್ನ ರಜಾಪಟ್ಟಿಗೆ ಸೇರಿಸಿಕೊಂಡಿತು. ಖಾಲಿ ಕೋಣೆಗಳಲ್ಲಿ ಹೀಟರುಗಳು ಹಗಲೂ ರಾತ್ರಿ ಉರಿಯುತ್ತಿದ್ದವು, ನೀರು ಹೆಪ್ಪುಗಟ್ಟಿ ಪೈಪು ಒಡೆಯಬಾರದಲ್ಲ. ಆ ತಿಂಗಳು ಲೋಕನಾಥರು ಸೆಕ್ಯೂರಿಟಿಯವನು ಗಾಜು ತಟ್ಟಿದಾಗಲೆಲ್ಲ ಹಿಮ ಕೆರೆದು ಕಾರು ತೆಗೆದು, ಇನ್ನೊಂದು ಕಡೆ ನಿಲ್ಲಿಸುತ್ತಿದ್ದರು. ಸುಗಂಧಿ ಆಂಟಿ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಗಂಜಿ ಒಯ್ದು ಅವರು ಎಲ್ಲಿದ್ದಾರೆಂದು ಹುಡುಕುತ್ತ ಡ್ರೈವ್ ಮಾಡುತ್ತಿದ್ದರು. ಅಂಗಡಿಯಲ್ಲಿ ಅವರು ಟಿಕೆಟ್ ಮಾರುವುದನ್ನು ನಿಲ್ಲಿಸಿದ್ದರು. ಬಳಗದಲ್ಲಿ ಇದನ್ನು ಅವರ ವಯಸ್ಸಿನ ಮೇಲೆ ಹಾಕಿದೆವು.

ಸಂಕ್ರಾಂತಿ ಕಳೆದ ಭಾನುವಾರ ಭವನದ ಉದ್ಘಾಟನೆ. ಅಂದು ಮಂಡಳಿಯ ನಿಜವಾದ ದೊಡ್ಡತನ ಗೊತ್ತಾಯಿತು. ಮಹಾದಾನಿಗಳಿಗೆ ಶಾಶ್ವತ ಗೌರವವೊಂದು ಇರಬೇಕೆಂದು ಭವನದ ಮುಂಭಾಗದಲ್ಲಿ ಒಂದು ಪಾರ್ಕಿಂಗ್ ಜಾಗವನ್ನು ಲೋಕನಾಥರ ಹೆಸರಿಗೆ ಜೀವನಪರ್ಯಂತ ಬರೆದುಕೊಟ್ಟಿದ್ದರು. ಹಿತ್ತಾಳೆಯ ಫಲಕವೂ ಇತ್ತು: 'ಮಹಾದಾನಿ ಶ್ರೀ ಲೋಕನಾಥ ಅವರಿಗೆ ಮೀಸಲು. ಇತರರ ವಾಹನಗಳನ್ನು ಎಳೆದೊಯ್ಯಲಾಗುವುದು.'

ಲೋಕನಾಥರು ಫಲಕವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗುರುರಾಜರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು, "ಇಲ್ಲಿ ಯಾರೂ ಬಂದು ಗಾಜು ತಟ್ಟೂದಿಲ್ಲ ಅಲ್ವಾ?"

"ಯಾರೂ ತಟ್ಟಂಗಿಲ್ರೀ. ಇದು ನಿಮ್ದ ಜಾಗ."

"ರಾತ್ರಿಯೂ?"

"ಜೀವನಪರ್ಯಂತ ಅಂದ್ರ ರಾತ್ರಿನೂ ಬಂತಲ್ರೀ."

ಲೋಕನಾಥರು ಹೋಗಿ ಕಾರು ತಂದು ನಿಲ್ಲಿಸಿದರು. ಎಂಜಿನ್ ಆರಿಸಿ ಸುಮ್ಮನೆ ಒಳಗೆ ಕೂತರು. ಇನ್ನು ಅದನ್ನು ತೆಗೆಯಬೇಕಾಗಿಲ್ಲ ಎಂಬುದು ಅವರಿಗೆ ನಿಧಾನವಾಗಿ ಅರ್ಥವಾಗುತ್ತಿರುವಂತೆ ಕಂಡಿತು.

ಜನ ಭವನದ ಕಡೆ ಹೊರಟರೂ ಸುಗಂಧಿ ಆಂಟಿ ಹೊರಡಲಿಲ್ಲ. ತಮ್ಮ ವ್ಯಾನಿನಿಂದ ಕ್ಯಾಂಪಿಂಗ್ ಸ್ಟೋವ್ ಇಳಿಸಿ, ಕಾರಿನ ಮುಂದೆ ಹಿಮ ಗೋರಿದ ಜಾಗದಲ್ಲಿಟ್ಟು, ಪಾತ್ರೆಗೆ ಹಾಲು ಹಾಕಿದರು. ಅರಿಶಿನ ತಂದಿರಲಿಲ್ಲ. ಹಾಲು ಉಕ್ಕಿ ಪೂರ್ವಕ್ಕೆ ಚೆಲ್ಲಿದಾಗ ನಿರುಪಮಾ ಅದನ್ನು ದೂರದಿಂದ ಕಂಡು, "ಅಯ್ಯೋ, ಇಲ್ಲೂ ಗೃಹಪ್ರವೇಶ ಇದ್ಯಾ? ಹೇಳ್ಬಾರ್ದಾ?" ಎನ್ನುತ್ತ ತಿರುಗಿ ಬಂದರು. ಅವರು ಬಂದ ಮೇಲೆ ಎಲ್ಲರೂ ಬಂದರು. ಗೃಹಪ್ರವೇಶಕ್ಕೆ ಬಂದು ಮನೆಯೊಳಗೆ ಕಾಲಿಡದೆ ಹೋಗುವುದು ನಮ್ಮಲ್ಲಿಲ್ಲ. ಆದ್ದರಿಂದ ಸಾಲಾಗಿ ನಿಂತು, ಒಬ್ಬೊಬ್ಬರಾಗಿ, ಬಲಗಾಲು ಮೊದಲು ಒಳಗಿಟ್ಟು, ಮುಂದಿನ ಸೀಟಿನಲ್ಲಿ ಒಂದು ನಿಮಿಷ ಕೂತು, ಆ ಕಡೆ ಈ ಕಡೆ ನೋಡಿ ಇಳಿದರು. ಮಿಸೆಸ್ ವಿಟ್ಲಾಕ್ ಕೂಡ ಬಲಗಾಲನ್ನೇ ಇಟ್ಟರು.

"ಗಾಳಿ ಬೆಳಕು ಚೆನ್ನಾಗಿದೆ" ಎಂದರು ಒಬ್ಬರು. ನಾಲ್ಕೂ ಕಡೆ ಗಾಜಿತ್ತು.

"ಪೂರ್ವಕ್ಕೆ ಮುಖ ಮಾಡಿದೆ, ವಾಸ್ತು ಪ್ರಕಾರ ಬಹಳ ಒಳ್ಳೇದು" ಎಂದರು ಇನ್ನೊಬ್ಬರು.

"ಕಿಚನ್ ಇನ್ನೂ ಆಗ್ಬೇಕು ಅನ್ಸುತ್ತೆ" ಎಂದು ನಿರುಪಮಾ ಸ್ಟೋವಿನ ಕಡೆ ನೋಡಿ ಹೇಳಿದರು.

ಲೋಕನಾಥರು ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಉಕ್ಕಿದ ಹಾಲನ್ನು ಪೇಪರ್ ಕಪ್ಪಿನಲ್ಲಿ ಕೊಡುತ್ತಿದ್ದರು. ಹೆಗಲ ಮೇಲೆ ಸನ್ಮಾನದ ಶಾಲು ಇತ್ತು. ಮೇಲಿನ ಕೋಣೆಗೆ ಅಂದೇ ಬಂದಿಳಿದಿದ್ದ ಹಣ್ಣುಹಣ್ಣು ಮುದುಕ ಸೈನಿಕನೊಬ್ಬ ಕಿಟಕಿಯಿಂದ ಅವರಿಗೆ ಸಲ್ಯೂಟ್ ಹೊಡೆದ. ಅವರೂ ಕಪ್ಪನ್ನು ಎಡಗೈಗೆ ಬದಲಾಯಿಸಿ ಹೊಡೆದರು.

ಕೊನೆಯಲ್ಲಿ ಜೆರಿಕೋದಿಂದ ಬಂದಿದ್ದ ಡಾಕ್ಟರೊಬ್ಬರು ಹಾಲು ಕುಡಿದು, ಬಾಯಿ ಒರೆಸಿಕೊಂಡು, ಗೃಹಪ್ರವೇಶದಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದರು.

"ರೆಂಟಾ, ಸ್ವಂತದ್ದಾ?"

ಲೋಕನಾಥರು ಒಮ್ಮೆ ಫಲಕದ ಕಡೆ, ಒಮ್ಮೆ ಸುಗಂಧಿ ಆಂಟಿಯ ಕಡೆ ನೋಡಿದರು.

"ಸ್ವಂತದ್ದು" ಎಂದರು.

"ಒಳ್ಳೇದಾಯ್ತು ಬಿಡಿ" ಎಂದರು ಡಾಕ್ಟರು. "ಈ ಕಾಲದಲ್ಲಿ ಸ್ವಂತದ್ದು ಅಂತ ಒಂದು ಇರ್ಬೇಕು."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿ ಊಟಕ್ಕೆ ಹೋದರು.